ಮಳೆಯ ಅಂಕಿಗಳೂ ಅಲ್ಪವಿರಾಮದ ಲೆಕ್ಕವೂ

ಮಳೆಯ ಪ್ರಮಾಣವನ್ನು ಸರಿಯಾಗಿ ಅರಿಯುವುದು ಬೇಸಾಯಕ್ಕೆ ಎಷ್ಟು ಅವಶ್ಯಕವೆಂಬುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿದ ವಿಷಯವೇ ಆಗಿದೆ. ೧೯೮೮ರಲ್ಲಿ ಬರಗಾಲದ ಉಸ್ತುವಾರಿಗಾಗಿ ಆರಂಭವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು. ಗ್ರಾಮ ಪಂಚಾಯಿತಿಗಳಲ್ಲಿ ಅದು ಸ್ಥಾಪಿಸಿರುವ ಮಳೆಮಾಪಕಗಳು ೧೫ ನಿಮಿಷಕ್ಕೊಮ್ಮೆ ವರದಿ ಕಳುಹಿಸುತ್ತವೆ. ಹವಾಮಾನಾಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಹಣವು ಇಂತಹ ಅಂಕಿಗಳನ್ನೇ ಅವಲಂಬಿಸಿರುವುದು. ತಮ್ಮ ತೋಟಗಳಲ್ಲಿ ಸ್ವಂತ ಮಾಪಕಗಳನ್ನಿಡುವವರೂ ಉಂಟು. ಅಂಥವರು ತಿಳಿದಿರಬೇಕಾದ ಒಂದು ದೋಷವನ್ನು ಇಲ್ಲಿ ವಿವರಿಸಲಾಗಿದೆ.

ಅನೇಕ ಮಾಪಕಗಳು ತಮ್ಮ ವರದಿಯನ್ನು ಅಲ್ಪವಿರಾಮಗಳಿಂದ ವಿಂಗಡಿಸಿದ ಒಂದು ಸಾಲಾಗಿ ಕಳುಹಿಸುತ್ತವೆ. ಅದನ್ನು ಓದುವುದು ಮೈಕ್ರೋಕಂಟ್ರೋಲರ್ ಎಂಬ ಸಣ್ಣ ಬಿಲ್ಲೆ. ಅದಕ್ಕೆ ಆಜ್ಞೆಗಳನ್ನು ಸಾಮಾನ್ಯವಾಗಿ ಸಿ ಭಾಷೆಯಲ್ಲಿ ಬರೆಯುವರು. ಸ್ಥಳದ ಸಂಖ್ಯೆ, ವೇಳೆ, ಮಿಲಿಮೀಟರುಗಳಲ್ಲಿ ಮಳೆ, ಉಷ್ಣತೆ ಎಂಬ ನಾಲ್ಕು ಕಲಮುಗಳಿವೆಯೆಂದು ಭಾವಿಸೋಣ. ಮಳೆಯ ಅಂಕಿ ದೊರೆಯದಿದ್ದಾಗ ಸಾಲು ಹೀಗೆ ಬರುವುದು:

೧೪,೦೬೧೫,,೨೩

ಸಿ ಭಾಷೆಯ ಸ್ಟ್ರ್‌ಟಾಕ್ ಎಂಬ ಸಾಧನವು ಜೊತೆಯಾದ ಎರಡು ಅಲ್ಪವಿರಾಮಗಳನ್ನು ಒಂದೇ ಎಂದು ಎಣಿಸುತ್ತದೆ. ಆದುದರಿಂದ ಖಾಲಿ ಕಲಮು ಮಾಯವಾಗಿ, ಉಷ್ಣತೆಯ ೨೩ ಮಳೆಯ ಕಲಮಿಗೆ ಬೀಳುವುದು. ಒಣಗುತ್ತಿರುವ ಹೊಲಕ್ಕೆ ೨೩ ಮಿಲಿಮೀಟರು ಮಳೆ ಬಿದ್ದಂತೆ ದಾಖಲೆಯಾಗುವುದು! ಪಹಣಿಯ ನಕಲು ಮಾಡುವವನು ಖಾಲಿ ಮನೆಯನ್ನು ಬಿಟ್ಟು ಮುಂದಿನ ಅಂಕಿಯನ್ನು ಹಿಂದಕ್ಕೆ ಸರಿಸಿದರೆ ಆಗುವ ಅನರ್ಥವೇ ಇದು. ಎ-ಟು-ಐ ಎಂಬ ಇನ್ನೊಂದು ಸಾಧನವು ಖಾಲಿ ಕಲಮನ್ನು ಸೊನ್ನೆಯೆಂದು ಓದುವುದು. ಆದರೆ ‘ಮಳೆ ಬರಲಿಲ್ಲ’ ಎಂಬುದು ಬೇರೆ, ‘ಮಳೆಯ ಲೆಕ್ಕ ತಿಳಿಯದು’ ಎಂಬುದು ಬೇರೆ.

ಇದಕ್ಕೆ ಪರಿಹಾರಗಳು:

೧. ಸಾಲನ್ನು ಅಕ್ಷರಕ್ಷರವಾಗಿ ನೋಡಿ, ಪ್ರತಿಯೊಂದು ಅಲ್ಪವಿರಾಮವನ್ನೂ ಕಲಮಿನ ಅಂತ್ಯವೆಂದು ಎಣಿಸತಕ್ಕದ್ದು. ಕಲಮುಗಳು ನಾಲ್ಕಾಗದಿದ್ದರೆ ಆ ಸಾಲನ್ನು ತಿರಸ್ಕರಿಸತಕ್ಕದ್ದು.

೨. ಅಂಕಿಯನ್ನು ಸ್ಟ್ರ್‌ಟೋಲ್ ಎಂಬ ಸಾಧನದಿಂದ ಓದತಕ್ಕದ್ದು. ಓದು ಎಲ್ಲಿ ನಿಂತಿತೆಂಬುದನ್ನು ಅದು ತೋರಿಸುವುದರಿಂದ, ಖಾಲಿ ಕಲಮೂ ಸೊನ್ನೆಯೂ ಬೇರೆಬೇರೆಯಾಗಿ ತಿಳಿಯುವುವು.

೩. ಎಟಿಮೆಗಾ ೩೨೮ಪಿ ಎಂಬ ಬಿಲ್ಲೆಯ ಚರಸ್ಮೃತಿ ೨,೦೪೮ ಬೈಟುಗಳು ಮಾತ್ರ. ಗೊತ್ತುಮಾಡಿದ ಅಳತೆಯನ್ನು ಮೀರಿದ ಸಾಲನ್ನು ಅದರ ಕೊನೆಯವರೆಗೂ ಬಿಟ್ಟುಬಿಡತಕ್ಕದ್ದು.

೪. ಸ್ಥಳಕ್ಕೆ ಹೆಸರಿನ ಬದಲು ಸಂಖ್ಯೆ ಮೇಲು. ‘ಶ್ರೀಗಂಧದ ಕಾವಲ್, ಬೆಂಗಳೂರು’ ಎಂದು ಬರೆದರೆ ಒಂದೇ ವಿಳಾಸವು ಎರಡು ಕಲಮುಗಳಾಗುವುದು. ಅಂತಹ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವ ಕ್ರಮವು ೨೦೦೫ರಲ್ಲಿ ಪ್ರಕಟವಾದ ಆರ್.ಎಫ್.ಸಿ. ೪೧೮೦ರಲ್ಲಿದೆ; ಆದರೆ ಸಣ್ಣ ಬಿಲ್ಲೆಗೆ ಅದು ಹೆಚ್ಚಿನ ಹೊರೆ.

ಯಂತ್ರವನ್ನು ಕೊಳ್ಳುವವರು ಒಂದು ಕಲಮು ಖಾಲಿಯಿರುವ ಸಾಲನ್ನು ಮಾರಾಟಗಾರನಿಂದಲೇ ಕಳುಹಿಸಿ ಪರೀಕ್ಷಿಸುವುದು ಒಳ್ಳೆಯದು. ಜೊತೆಗೆ ಅಂಗಳದಲ್ಲಿ ಒಂದು ಸಾಧಾರಣ ಮಳೆಮಾಪಕವನ್ನಿಟ್ಟು, ದಿನವೂ ಬೆಳಗ್ಗೆ ಪುಸ್ತಕದಲ್ಲಿ ಬರೆದು ತಾಳೆ ನೋಡುವ ವಾಡಿಕೆಯನ್ನು ಬಿಡಬಾರದು.