ಪ್ಲಗ್ಗಿನ ಹೆಸರೂ ಪ್ಲಗ್ಗಿನ ನಂಬರೂ

ಬೆಳಗಿನ ನಾಲ್ಕೂವರೆ ಗಂಟೆಯ ಹೊತ್ತಿಗೆ ಪುಣೆಯ ಗಂಗಾಧಾಮ ಚೌಕದಿಂದ ಆಯಿಮಾತಾ ಮಂದಿರದ ಮಾರ್ಗವಾಗಿ ಕೊಂಢವಾಕ್ಕೆ ಏರುವ ರಸ್ತೆಯಲ್ಲಿ ನಿಂತು ನೋಡಿದರೆ, ನಮ್ಮ ಹೋಟೆಲು ಬಂಧುಗಳು ಒಬ್ಬರಲ್ಲ ಒಬ್ಬರು ಕಣ್ಣಿಗೆ ಬೀಳದೆ ಇರುವುದಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಕೊಂಡ ನುಗ್ಗೆ, ಸೌತೆ, ತೆಂಗಿನಕಾಯಿ, ಕೊತ್ತಂಬರಿಗಳ ಚೀಲಗಳನ್ನು ಹಿಂಬದಿಗೆ ಬಿಗಿದ ಒಂದು ಹಳೆಯ ಮೋಟಾರ್ ಸೈಕಲ್ಲು. ಅದರ ಮೇಲೆ ತಲೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಹುಡುಗ. ಆರು ಗಂಟೆಗೆ ಸಾಂಬಾರು ಕುದಿಯಬೇಕು; ಆರೂವರೆಗೆ ಹೋಟೆಲಿನ ಬಾಗಿಲು ತೆರೆಯಬೇಕು. ಏರಿನ ನಡುವೆ ಬಂಡಿ ಕೆಮ್ಮಿ ನಿಂತಿತೆಂದರೆ ಅಡುಗೆಯವರ ಕೋಪ, ಯಜಮಾನರ ಮುನಿಸು, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ, ಇವೆಲ್ಲವೂ ಒಂದರ ಹಿಂದೊಂದು ಬರುತ್ತವೆ.

ಬೈಂದೂರು ಕಡೆಯ ಇಂತಹ ಒಬ್ಬ ತರುಣನ ಬಂಡಿ ಹೀಗೆಯೇ ನಿಲ್ಲತೊಡಗಿತು. ಕಂತಿನ ಮೇಲೆ ಕೊಂಡ, ಎರಡನೆಯ ಕೈಯ ಗಾಡಿ. ಹತ್ತಿರದ ಅಂಗಡಿಯವರು ಪ್ಲಗ್ಗನ್ನು ಬಿಚ್ಚಿ ನೋಡಿ, ಮಸಿ ಹಿಡಿದಿದೆಯೆಂದು ಹೇಳಿ, ಅದೇ ಬಗೆಯ ಹೊಸತೊಂದನ್ನು ಹಾಕಿಕೊಟ್ಟರು. ವಾರದೊಳಗೆ ಅದೂ ಕಪ್ಪಾಯಿತು. ಎರಡನೆಯ ಅಂಗಡಿಯವರು, "ಈ ಕಂಪೆನಿಯ ಮಾಲೇ ಸರಿಯಿಲ್ಲ, ಇದನ್ನು ಹಾಕಿ" ಎಂದು ಬೇರೆ ಹೆಸರಿನ ಪ್ಲಗ್ಗನ್ನು ಕೊಟ್ಟರು. ಅದರ ಮೇಲಿದ್ದ ಅಂಕಿಯೂ ಹಳೆಯದರ ಅಂಕಿಯೂ ಒಂದೇ ಆಗಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಹದಿನೈದು ದಿನ ಬಂಡಿ ಚೆನ್ನಾಗಿ ಓಡಿತು. ನಮ್ಮ ತರುಣನು ಹೊಸ ಹೆಸರನ್ನು ಊರೆಲ್ಲ ಹೊಗಳಿದನು. ಆಮೇಲೆ ಒಂದು ದಿನ ಗಾಡಿಯನ್ನು ಸರ್ವೀಸಿಗೆ ಕೊಟ್ಟು ತಂದನು. ಅಂದಿನಿಂದ ಏರಿನಲ್ಲಿ ಇಂಜಿನು ಕಟಕಟನೆ ಶಬ್ದ ಮಾಡತೊಡಗಿತು. ಚೀಲಗಳ ಭಾರಕ್ಕೆ ಬಲವೇ ಸಾಲದಾಯಿತು. "ಇರಿಡಿಯಮ್ ಪ್ಲಗ್ಗು ಹಾಕಿಸು, ಐದು ಪಟ್ಟು ಬೆಲೆಯಾದರೂ ಜನ್ಮಕ್ಕೆ ಸಾಕು" ಎಂದು ಸ್ನೇಹಿತರೊಬ್ಬರು ಸಲಹೆಯಿತ್ತರು. ಎರಡು ದಿನ ತಡವಾಗಿ ಬಂದುದಕ್ಕೆ ಯಜಮಾನರು ಆಗಲೇ ಎಚ್ಚರಿಕೆ ಕೊಟ್ಟಾಗಿತ್ತು.

ಅವನು ಆ ಹಣವನ್ನು ಹೊಂದಿಸುತ್ತಿದ್ದಾಗ ನಾವು ಅವನನ್ನು ಕೊಂಢವಾ ಬುದ್ರುಕಿನಲ್ಲಿ ಗ್ಯಾರೇಜು ಇಟ್ಟಿರುವ, ವಿಜಯಪುರ ಜಿಲ್ಲೆಯ ಇಂಡಿಯ ಕಡೆಯ ಹಿರಿಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಕಥೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಹೆಸರ ಯಾಕ ಕೇಳ್ತೀ ತಮ್ಮಾ? ನಂಬರ ನೋಡು. ಗಾಡಿ ಪುಸ್ತಕದಾಗ ಏನ ಬರದಾರ, ಅದನ್ನ ತಗೊಂಡ ಬಾ."

ಆ ಮಾತಿನ ಅರ್ಥವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಪಾರ್ಕ್ ಪ್ಲಗ್ಗೆಂಬುದು ಬೆರಳುದ್ದದ ವಸ್ತು. ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಬಿಳಿಯ ಪಿಂಗಾಣಿ, ಅದರ ಹೊರಗೆ ಮರೆಯುಳ್ಳ ಉಕ್ಕಿನ ಕವಚ. ತುದಿಯಲ್ಲಿ ನಡುಗಡ್ಡಿಗೂ ಕವಚದಿಂದ ಬಾಗಿ ಬಂದ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿಗೂ ಕಡಿಮೆಯಾದ ಸಂದು. ಸಾವಿರಾರು ವೋಲ್ಟಿನ ವಿದ್ಯುತ್ತು ಆ ಸಂದನ್ನು ಹಾರಿದಾಗ ಕಿಡಿ ಹುಟ್ಟಿ, ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ ೬೦೦೦ ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಇಂಜಿನಿನಲ್ಲಿ ಮಿಶ್ರಣವನ್ನು ಹೊತ್ತಿಸಲು ಸೆಕೆಂಡಿಗೆ ೫೦ ಕಿಡಿಗಳು ಬೇಕು. ಡೀಸೆಲ್ ಇಂಜಿನಿಗೆ ಇದರ ಹಂಗಿಲ್ಲ. ಆದುದರಿಂದ ಹೋಟೆಲಿನ ಹಿತ್ತಲಿನಲ್ಲಿರುವ ದೊಡ್ಡ ಡೀಸೆಲ್ ಜನರೇಟರಿನಲ್ಲಿ ಪ್ಲಗ್ಗನ್ನು ಹುಡುಕಬೇಕಾಗಿಲ್ಲ. ಅಂಗಡಿಗಳ ಮುಂದೆ ಇಡುವ ಚಿಕ್ಕ ಪೆಟ್ರೋಲ್ ಜನರೇಟರಿಗೆ ಅದು ಉಂಟು.

ಪ್ಲಗ್ಗಿನ ಗುಣವನ್ನು ನಿರ್ಣಯಿಸುವ ಮುಖ್ಯ ಸಂಗತಿ ಅದರ ಕಾವು. ದೋಸೆಕಾವಲಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾವಲಿಗೆ ಕಾವು ಸಾಲದಿದ್ದರೆ ಹಿಟ್ಟು ಅಂಟಿಕೊಳ್ಳುತ್ತದೆ, ಮಿತಿಮೀರಿದರೆ ಸೀದುಹೋಗುತ್ತದೆ. ಪ್ಲಗ್ಗಿನ ಪಿಂಗಾಣಿಯ ತುದಿಯೂ ಹಾಗೆಯೇ. ಸುಮಾರು ೪೫೦ ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿದ್ದರೆ ಮಸಿಯು ಸುಟ್ಟುಹೋಗದೆ ಅಲ್ಲಿಯೇ ಕಟ್ಟಿಕೊಳ್ಳುತ್ತದೆ, ವಿದ್ಯುತ್ತು ಆ ಮಸಿಯ ಮೂಲಕ ಸೋರಿಹೋಗುತ್ತದೆ. ೯೦೦ ಡಿಗ್ರಿಯನ್ನು ದಾಟಿದರೆ ಕಿಡಿ ಹಾರುವುದಕ್ಕೆ ಮುಂಚೆಯೇ ಕೆಂಪಗೆ ಕಾದ ತುದಿಯೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಹೀಗೆಯೇ ಮುಂದುವರಿದರೆ ಪಿಸ್ಟನ್ನೇ ಕರಗೀತು. ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಕಾವು ನಿಧಾನವಾಗಿ ಇಳಿಯುತ್ತದೆ. ಅದು 'ಬಿಸಿ' ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ಬೇಗ ಇಳಿಯುತ್ತದೆ. ಅದು 'ತಣ್ಣನೆಯ' ಪ್ಲಗ್ಗು. ಯಾವ ಇಂಜಿನಿಗೆ ಯಾವುದು ಹೊಂದುವುದೆಂಬುದನ್ನು ಬಂಡಿ ಕಟ್ಟಿದವರು ಪರೀಕ್ಷಿಸಿ ನಿಶ್ಚಯಿಸಿರುತ್ತಾರೆ.

ತೊಡಕು ಹುಟ್ಟುವುದು ಇಲ್ಲಿಯೇ. ಈ ಕಾವನ್ನು ಅಂಕಿಯಲ್ಲಿ ತಿಳಿಸುವ ರೀತಿ ಎಲ್ಲ ಕಂಪೆನಿಗಳಿಗೂ ಒಂದೇ ಅಲ್ಲ. ಜಪಾನಿನ ಎನ್.ಜಿ.ಕೆ. ಮತ್ತು ಡೆನ್ಸೋ ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಂತೆಲ್ಲ ಪ್ಲಗ್ಗು ತಣ್ಣಗಾಗುತ್ತದೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಇದಕ್ಕೆ ತೀರ ವಿರುದ್ಧವಾಗಿ, ಅಂಕಿ ಹೆಚ್ಚಿದಂತೆಲ್ಲ ಬಿಸಿಯಾಗುತ್ತದೆ. ಎನ್.ಜಿ.ಕೆ.ಯ ೬ಕ್ಕೆ ಸರಿಸಮನಾದುದು ಬಾಷ್‌ನಲ್ಲಿ ಸಾಮಾನ್ಯವಾಗಿ ೭, ಎನ್.ಜಿ.ಕೆ.ಯ ೫ಕ್ಕೆ ಬಾಷ್‌ನ ೮. ಅಂಕಿಗೆ ಅಂಕಿ ಹೊಂದಿಸಿ ಹೆಸರನ್ನು ಬದಲಾಯಿಸುವವರು ತಿಳಿಯದೆಯೇ ಕಾವನ್ನೂ ಬದಲಾಯಿಸಿರುತ್ತಾರೆ. ಕಂಪೆನಿಗಳೇ ಅಚ್ಚು ಹಾಕಿಸಿದ ಸಮಾನ ನಂಬರುಗಳ ಪಟ್ಟಿಗಳಿವೆ. ಅವನ್ನು ನೋಡದೆ ಹೆಸರು ಬದಲಿಸಕೂಡದು.

ನಮ್ಮ ಬೈಂದೂರಿನ ತರುಣನಿಗೆ ಆದುದು ಇದೇ. ಮೊದಲ ದೋಷವು ಪ್ಲಗ್ಗಿನದಾಗಿರಲೇ ಇಲ್ಲ. ರಸ್ತೆಯ ಧೂಳಿನಿಂದ ಗಾಳಿಯ ಫಿಲ್ಟರು ಕಟ್ಟಿಹೋಗಿ, ಗಾಳಿ ಸಾಲದೆ, ಪೆಟ್ರೋಲು ಅರೆಬೆಂದು ಮಸಿಯಾಗುತ್ತಿತ್ತು. ಬೇರೆ ಹೆಸರಿನ ಪ್ಲಗ್ಗು ಹೆಚ್ಚು ಬಿಸಿಯಾದುದಾಗಿದ್ದುದರಿಂದ ಮಸಿಯನ್ನು ಸುಟ್ಟುಕೊಂಡು ಹದಿನೈದು ದಿನ ಓಡಿತು. ಸರ್ವೀಸಿನಲ್ಲಿ ಫಿಲ್ಟರನ್ನು ಸ್ವಚ್ಛಗೊಳಿಸಿದ ಮೇಲೆ ಅದೇ ಪ್ಲಗ್ಗು ಏರಿನ ಭಾರಕ್ಕೆ ಮಿತಿಮೀರಿ ಕಾಯತೊಡಗಿತು. ಮೊದಲ ಹೆಸರನ್ನು ಹಳಿದುದೂ ತಪ್ಪು, ಎರಡನೆಯದನ್ನು ಹೊಗಳಿದುದೂ ತಪ್ಪು.

ಹೆಸರುಗಳ ಚರಿತ್ರೆಯೂ ಸ್ವಾರಸ್ಯವಾಗಿಯೇ ಇದೆ. ೧೯೦೨ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಇಂಜಿನಿಯರರು ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಪ್ಲಗ್ಗನ್ನೂ ಕೂಡಿಸಿ ಬಳಕೆಗೆ ತಂದರು. ಆ ಬಾಷ್ ಮನೆತನದ ಸಹಯೋಗದಿಂದ ೧೯೫೧ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯ 'ಮೈಕೋ' ಪ್ಲಗ್ಗು ಭಾರತದ ಮೂಲೆಮೂಲೆಯ ಅಂಗಡಿಗಳಲ್ಲಿಯೂ ಮನೆಮಾತಾಗಿತ್ತು. ೨೦೦೮ರಲ್ಲಿ ಆ ಕಂಪೆನಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು; ಹಳೆಯ ಮೆಕ್ಯಾನಿಕರ ಬಾಯಲ್ಲಿ ಮಾತ್ರ ಮೈಕೋ ಎಂಬುದೇ ಉಳಿದಿದೆ. ೧೯೩೬ರಲ್ಲಿ ಸ್ಥಾಪಿತವಾದ ಎನ್.ಜಿ.ಕೆ. ಸ್ಪಾರ್ಕ್ ಪ್ಲಗ್ ಕಂಪೆನಿಯೂ ೨೦೨೩ರಲ್ಲಿ ನಿಟೆರಾ ಎಂದಾಯಿತು. ಪ್ಲಗ್ಗಿನ ಮೇಲಿನ ಹೆಸರು ಹಾಗೆಯೇ ಇದೆ. ಎಲ್ಲಕ್ಕಿಂತ ವಿಚಿತ್ರವಾದುದು ಆಲ್ಬರ್ಟ್ ಚಾಂಪಿಯನ್ ಎಂಬ ಫ್ರೆಂಚರ ಕಥೆ. ಅಮೆರಿಕೆಗೆ ಬಂದು ಪ್ಲಗ್ಗಿನ ವ್ಯಾಪಾರಕ್ಕಿಳಿದ ಅವರು ೧೯೦೮ರಲ್ಲಿ ಪಾಲುದಾರರಿಂದ ಬೇರೆಯಾದರು. 'ಚಾಂಪಿಯನ್' ಎಂಬ ಹೆಸರು ಕೊನೆಗೆ ಪಾಲುದಾರರಿಗೆ ಉಳಿಯಿತು. ಹೆಸರಿನ ಒಡೆಯರೇ ತಮ್ಮ ಮೊದಲಕ್ಷರಗಳಾದ 'ಎ.ಸಿ.' ಎಂಬುದನ್ನು ಹಾಕಿ ಪ್ಲಗ್ಗು ಮಾರಬೇಕಾಯಿತು. ಹೀಗೆ ಕೈಬದಲಾಗುವ ಹೆಸರನ್ನೊಂದನ್ನೇ ನಂಬಿ ಬಂಡಿಗೆ ಪ್ಲಗ್ಗು ಹಾಕುವುದು ಜಾಣತನವಲ್ಲ.

ಹಾಗಾದರೆ ನಂಬರನ್ನು ಓದುವುದು ಹೇಗೆ? ಎನ್.ಜಿ.ಕೆ.ಯ 'ಬಿ.ಪಿ.ಆರ್. ೭ ಎಚ್.ಎಸ್.' ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 'ಬಿ' ಎಂದರೆ ಮರೆಯ ಅಗಲ ೧೪ ಮಿಲಿಮೀಟರು. 'ಡಿ' ಎಂದಿದ್ದರೆ ೧೨, 'ಸಿ' ಎಂದಿದ್ದರೆ ೧೦. 'ಪಿ' ಎಂದರೆ ಪಿಂಗಾಣಿಯ ತುದಿ ಮುಂದಕ್ಕೆ ಚಾಚಿದೆಯೆಂದು. 'ಆರ್' ಎಂದರೆ ಒಳಗೆ ರೆಸಿಸ್ಟರು ಇದೆಯೆಂದು. ೭ ಎಂಬುದು ಕಾವಿನ ಅಂಕಿ. 'ಎಚ್' ಎಂದರೆ ಮರೆಯ ಉದ್ದ ೧೨.೭ ಮಿಲಿಮೀಟರು, 'ಇ' ಎಂದಿದ್ದರೆ ೧೯. ಇವುಗಳಲ್ಲಿ ಯಾವುದನ್ನೂ ಅಲಕ್ಷಿಸುವಂತಿಲ್ಲ. ಉದ್ದ ಮರೆಯ ಪ್ಲಗ್ಗನ್ನು ಗಿಡ್ಡ ಮರೆಯ ಇಂಜಿನಿಗೆ ತಿರುಗಿಸಿದರೆ ಪಿಸ್ಟನ್ನು ಮೇಲೆ ಬಂದು ಅದಕ್ಕೆ ಬಡಿಯಬಹುದು. ೨೦೨೦ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದ ಹೆಚ್ಚಿನ ಬಂಡಿಗಳಲ್ಲಿ ಕಾರ್ಬುರೇಟರಿಗೆ ಬದಲಾಗಿ ಇಲೆಕ್ಟ್ರಾನಿಕ್ ಯಂತ್ರವೇ ಪೆಟ್ರೋಲನ್ನು ಅಳೆದು ಸಿಂಪಡಿಸುತ್ತದೆ. ರೆಸಿಸ್ಟರು ಇಲ್ಲದ ಪ್ಲಗ್ಗಿನ ಕಿಡಿಯು ಆ ಯಂತ್ರದ ಲೆಕ್ಕವನ್ನು ಕೆಡಿಸಬಲ್ಲದು. ಆದುದರಿಂದ ಪುಸ್ತಕದಲ್ಲಿ 'ಆರ್' ಇದ್ದರೆ ಪ್ಲಗ್ಗಿನಲ್ಲಿಯೂ ಇರಲೇಬೇಕು.

ಪುಣೆಯೆಂದರೆ ದ್ವಿಚಕ್ರ ವಾಹನಗಳ ಊರು. ೧೯೭೨ರಲ್ಲಿ ಬಜಾಜ್ ಚೇತಕ್ ಸ್ಕೂಟರೂ ಕೈನೆಟಿಕ್ ಲೂನಾ ಮೊಪೆಡ್ಡೂ ಇಲ್ಲಿಂದಲೇ ಹೊರಟವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುತ್ತಿದ್ದ ಆ ಎರಡು ಸ್ಟ್ರೋಕಿನ ಬಂಡಿಗಳಲ್ಲಿ ಪ್ಲಗ್ಗಿಗೆ ಎಣ್ಣೆ ಹತ್ತುವುದು ದಿನದ ಮಾತಾಗಿತ್ತು. ಜೇಬಿನಲ್ಲೊಂದು ಪ್ಲಗ್ಗು, ಡಬ್ಬಿಯಲ್ಲೊಂದು ಪಾನ ಇಲ್ಲದೆ ಯಾರೂ ದೂರ ಹೊರಡುತ್ತಿರಲಿಲ್ಲ. ೨೦೦೩ರಲ್ಲಿ ಪಲ್ಸರ್ ಬಂಡಿಯು ಒಂದೇ ಸಿಲಿಂಡರಿಗೆ ಎರಡು ಪ್ಲಗ್ಗುಗಳೊಡನೆ ಬಂದಿತು. ಅಂತಹ ಬಂಡಿಯುಳ್ಳವರು ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ೨೦೨೦ರಲ್ಲಿ ಚೇತಕ್ ಎಂಬ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿ ಬಂದಿದೆ. ಅದಕ್ಕೆ ಪ್ಲಗ್ಗೇ ಇಲ್ಲ. ಆದರೆ ನಮ್ಮ ಮಾಣಿಗಳೂ ಗುಮಾಸ್ತರೂ ಏರುವ ಹಳೆಯ ಬಂಡಿಗಳಿಗೆ ಇನ್ನೂ ಅನೇಕ ವರ್ಷ ಪ್ಲಗ್ಗೇ ಗತಿ.

ಕೊಳ್ಳುವಾಗ ಇನ್ನೊಂದು ಎಚ್ಚರಿಕೆ ಬೇಕು. ಹೆಸರಾದ ಮಾಲಿಗೆ ನಕಲಿಯೂ ಹುಟ್ಟುತ್ತದೆ. ಪಿಂಗಾಣಿಯ ಮೇಲಿನ ಅಕ್ಷರಗಳು ಮಸಕಾಗಿದ್ದರೆ, ಮರೆ ಒರಟಾಗಿದ್ದರೆ, ನಡುಗಡ್ಡಿಯ ನೇರಕ್ಕೆ ಕೊಕ್ಕೆ ಬಾರದೆ ಓರೆಯಾಗಿದ್ದರೆ, ವಾಷರು ಕೈಯಿಂದಲೇ ಕಳಚಿ ಬಂದರೆ, ಅಂತಹದನ್ನು ಹಿಂದಿರುಗಿಸಬೇಕು. ನಾನಾ ಪೇಠೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಎಲ್ಲಿ ಕೊಂಡರೂ ಬಿಲ್ಲನ್ನು ಕೇಳಿ ಪಡೆಯಬೇಕು. ಸಾಮಾನ್ಯ ಪ್ಲಗ್ಗಿನ ಬೆಲೆ ನೂರು ರೂಪಾಯಿಯ ಆಸುಪಾಸು. ಅದರಲ್ಲಿ ಮೂವತ್ತು ರೂಪಾಯಿ ಉಳಿಸಲು ಹೋಗಿ ಇಂಜಿನು ಬಿಚ್ಚಿಸಿದರೆ ಒಂದು ತಿಂಗಳ ಸಂಬಳವೇ ಹೋದೀತು. ಇರಿಡಿಯಮ್ ಪ್ಲಗ್ಗು ಹೆಚ್ಚು ಕಾಲ ಬಾಳುವುದು ನಿಜ. ಆದರೆ ಅದು ಫಿಲ್ಟರಿನ ಧೂಳನ್ನು ತೆಗೆಯಲಾರದು, ತಪ್ಪು ಕಾವನ್ನು ಸರಿಪಡಿಸಲಾರದು.

ವೈದ್ಯರು ನಾಲಗೆಯನ್ನು ನೋಡುವಂತೆ ಮೆಕ್ಯಾನಿಕರು ಪ್ಲಗ್ಗನ್ನು ನೋಡುತ್ತಾರೆ. ತುದಿ ತೆಳು ಕಂದಾಗಿದ್ದರೆ ಇಂಜಿನು ಆರೋಗ್ಯವಾಗಿದೆ. ಒಣಮಸಿಯಿದ್ದರೆ ಫಿಲ್ಟರನ್ನೂ ಕಾರ್ಬುರೇಟರನ್ನೂ ನೋಡಬೇಕು. ಎಣ್ಣೆಯಿಂದ ಒದ್ದೆಯಾಗಿದ್ದರೆ, ನಾಲ್ಕು ಸ್ಟ್ರೋಕಿನ ಬಂಡಿಯಲ್ಲಿ ರಿಂಗು ಅಥವಾ ವಾಲ್ವಿನ ಸೀಲು ಸವೆದಿರಬಹುದು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ಕಾವು ಮಿತಿಮೀರಿದೆ. ಬಂಡಿಯನ್ನು ಅಲ್ಲಿಗೇ ನಿಲ್ಲಿಸುವುದು ಮೇಲು. ನಾಲಗೆಯನ್ನು ಬದಲಾಯಿಸಿದರೆ ರೋಗ ಹೋಗುವುದಿಲ್ಲ.

ಪ್ಲಗ್ಗನ್ನು ಬದಲಾಯಿಸುವುದು ಇಂಜಿನು ತಣ್ಣಗಾದ ಮೇಲೆಯೇ ಆಗಬೇಕು. ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ತಲೆ ಅಲ್ಯೂಮಿನಿಯಮ್ಮಿನದಾದುದರಿಂದ ಓರೆಯಾಗಿ ಹೊಕ್ಕರೆ ಮರೆ ಹಾಳಾಗುತ್ತದೆ. ಬಳಿಕ ಹೊಸ ವಾಷರುಳ್ಳ ಪ್ಲಗ್ಗಿಗೆ ಪಾನದಿಂದ ಅರ್ಧ ಸುತ್ತು ಸಾಕು. ಚಿಕ್ಕ ಬಂಡಿಗಳಲ್ಲಿ ೮೦೦೦ದಿಂದ ೧೨೦೦೦ ಕಿಲೋಮೀಟರಿಗೊಮ್ಮೆ ಪ್ಲಗ್ಗು ಬದಲಿಸುವುದು ವಾಡಿಕೆ. ಆಯಾ ಬಂಡಿಯ ಪುಸ್ತಕದಲ್ಲಿರುವುದೇ ಪ್ರಮಾಣ.

ಬೈಂದೂರಿನ ತರುಣನ ಗಾಡಿಯ ಪುಸ್ತಕ ಕಳೆದುಹೋಗಿತ್ತು. ಗ್ಯಾರೇಜಿನ ಹಿರಿಯರು ಅದೇ ಮಾದರಿಯ ಬಂಡಿಯ ಬೇರೊಂದು ಪುಸ್ತಕವನ್ನು ತರಿಸಿ, ಅದರಲ್ಲಿದ್ದ ನಂಬರಿನ ಪ್ಲಗ್ಗನ್ನೇ ಹಾಕಿದರು. ಅದು ಅವನು ಮೊದಲು ಹಳಿದಿದ್ದ ಕಂಪೆನಿಯದೇ ಆಗಿತ್ತು. ನೂರಹತ್ತು ರೂಪಾಯಿ ಪಡೆದು, ಕೆಲಸದ ಕೂಲಿಯನ್ನು ಅವರು ಮುಟ್ಟಲಿಲ್ಲ. "ಮೊದಲ ನಿಮ್ಮ ಯಜಮಾನರ ಸಿಟ್ಟ ಇಳಸು ಹೋಗು" ಎಂದರು. ಎರಡು ತಿಂಗಳ ಬಳಿಕ ಬಿಚ್ಚಿ ನೋಡಿದಾಗ ತುದಿಯು ತೆಳು ಕಂದಾಗಿತ್ತು.

ಆ ನಂಬರನ್ನು ಅವನೀಗ ತರಕಾರಿ ಪಟ್ಟಿಯ ಹಿಂಬದಿಗೆ ಬರೆದು ಪಾಕೀಟಿನಲ್ಲಿಟ್ಟುಕೊಂಡಿದ್ದಾನೆ. ವಾಚಕ ಬಂಧುಗಳೂ ಇಂದು ರಾತ್ರಿ ಕೆಲಸ ಮುಗಿಸಿ ಬಂದ ಮೇಲೆ ತಮ್ಮ ಬಂಡಿಯ ಪುಸ್ತಕವನ್ನೊಮ್ಮೆ ತೆರೆದು, ಆ ಒಂದು ಸಾಲನ್ನು ಬರೆದಿಟ್ಟುಕೊಳ್ಳುವರೆಂದು ನಂಬುತ್ತೇವೆ.