ಔಷಧಕೋಶಗಳು: ಮಳಖೇಡದಿಂದ ಇಂದಿನವರೆಗೆ

'ಮದ್ದು' ಎಂಬ ಕನ್ನಡ ಶಬ್ದವು ಔಷಧವೆಂಬ ಅರ್ಥವನ್ನು ಕೊಡುವಂತೆಯೇ ವಿಷವೆಂಬ ಅರ್ಥವನ್ನೂ ಕೊಡುತ್ತದೆ. 'ಮದ್ದು ಕೊಟ್ಟರು' ಎಂದರೆ ರೋಗಿಗೆ ಚಿಕಿತ್ಸೆ ನಡೆಯಿತೆಂದು ತಿಳಿಯುವ ಜನವೇ 'ಮದ್ದು ಹಾಕಿದರು' ಎಂದರೆ ಬೆಚ್ಚಿಬೀಳುತ್ತಾರೆ. ಗ್ರೀಕರ 'ಫಾರ್ಮಕಾನ್' ಎಂಬ ಶಬ್ದಕ್ಕೂ ಈ ಎರಡು ಅರ್ಥಗಳುಂಟು. ಒಂದೇ ದ್ರವ್ಯವು ಒಬ್ಬನನ್ನು ಉಳಿಸೀತು, ಇನ್ನೊಬ್ಬನನ್ನು ಕೊಂದೀತು ಎಂಬ ಅನುಭವವು ಎರಡು ನಾಡುಗಳ ನುಡಿಯಲ್ಲಿಯೂ ಹೀಗೆ ನೆಲೆಗೊಂಡಿದೆ. ಈ ಎರಡು ಪರಿಣಾಮಗಳ ನಡುವಣ ಗೆರೆಯನ್ನು ಬರಹದಲ್ಲಿ ಗುರುತಿಸಿಡುವ ಗ್ರಂಥಗಳೇ ಔಷಧಕೋಶಗಳು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಔಷಧದ ಗುರುತು, ಶುದ್ಧಿ, ಬಲ ಇವುಗಳನ್ನು ನಿರ್ಧರಿಸಿ, ಪರೀಕ್ಷಿಸುವ ಕ್ರಮವನ್ನು ಹೇಳುವುದು ಫಾರ್ಮಕೋಪಿಯ. ಅದನ್ನು ಯಾವ ರೋಗಕ್ಕೆ, ಎಷ್ಟು ಪ್ರಮಾಣದಲ್ಲಿ, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಹೇಳುವುದು ಫಾರ್ಮ್ಯುಲರಿ. ಮೊದಲನೆಯದು ಮುಖ್ಯವಾಗಿ ತಯಾರಿಸುವವನಿಗೂ ಪರೀಕ್ಷಕನಿಗೂ ಮಾರ್ಗದರ್ಶಿ. ಎರಡನೆಯದು ವೈದ್ಯನಿಗೆ, ಔಷಧ ಕೊಡುವವನಿಗೆ ಮತ್ತು ದಾದಿಗೆ. ಇವು ವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಇತಿಹಾಸದ ವಿದ್ಯಾರ್ಥಿಯು ಬದಿಗಿಡುವಂತಿಲ್ಲ. ಏಕೆಂದರೆ ಇಂತಹ ಗ್ರಂಥಗಳ ಪರಂಪರೆಯಲ್ಲಿ ನಮ್ಮ ಈ ಪ್ರದೇಶಕ್ಕೆ ಗಣ್ಯವಾದ ಪಾಲಿದೆ. ಆ ಪರಂಪರೆಯಿಂದ ದೊರೆಯುವ ಪಾಠವೊಂದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಮಳಖೇಡದ ಆಸ್ಥಾನ

ಚಿತ್ತಾಪುರಕ್ಕೆ ನೆರೆಯದಾದ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಇಂದು ಮಳಖೇಡವೆಂದು ಕರೆಯಲ್ಪಡುವ ಊರೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಕ್ರಿ.ಶ. ೮೧೪ರಿಂದ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದನು. ಭಾಷಾಪ್ರಯೋಗದ ಗುಣದೋಷಗಳನ್ನು ವಿವೇಚಿಸುವ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿದುದನ್ನು ವಾಚಕರೆಲ್ಲರೂ ಬಲ್ಲರು. ಔಷಧ ಮತ್ತು ಆಹಾರಗಳ ಗುಣದೋಷಗಳ ಚರ್ಚೆಯೂ ಅಲ್ಲಿ ನಡೆಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಜೈನ ವಿದ್ವಾಂಸನಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಅದರ ಕೊನೆಗೆ ಸೇರಿರುವ 'ಹಿತಾಹಿತ' ಎಂಬ ಅಧ್ಯಾಯದಲ್ಲಿ ಮಾಂಸಾಹಾರವು ಅನಾವಶ್ಯಕವೆಂಬ ವಾದವಿದೆ. ಈ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದಂತೆ ಗ್ರಂಥವೇ ಹೇಳಿಕೊಳ್ಳುತ್ತದೆ. ಈ ನೃಪತುಂಗನು ಅಮೋಘವರ್ಷನೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಆ ವಾದವನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪುವುದೇ ಬಿಡುವುದೇ ಎಂಬುದು ಇಲ್ಲಿ ಪ್ರಕೃತವಲ್ಲ. ದೇಹಕ್ಕೆ ಸೇರುವ ಪದಾರ್ಥದ ಹಿತಾಹಿತಗಳು ತುಂಬಿದ ಸಭೆಯಲ್ಲಿ ಚರ್ಚೆಗೆ ಬಂದುವು, ಆ ಬಳಿಕ ಬರಹಕ್ಕೆ ಇಳಿದುವು ಎಂಬುದೇ ಗಮನಾರ್ಹ. ಗುರುವಿನಿಂದ ಶಿಷ್ಯನಿಗೆ ಕಿವಿಮಾತಾಗಿ ಸಾಗುವ ಯೋಗದಲ್ಲಿ ತಪ್ಪಿದ್ದರೆ ಅದು ಗುಟ್ಟಾಗಿಯೇ ಉಳಿಯುತ್ತದೆ. ಬರೆದಿಟ್ಟುದನ್ನಾದರೆ ಇನ್ನೊಬ್ಬನು ಪರೀಕ್ಷಿಸಬಹುದು, ಖಂಡಿಸಬಹುದು, ತಿದ್ದಬಹುದು.

ಕನ್ನಡದ ಕೈಪಿಡಿಗಳು

ಸಂಸ್ಕೃತದಲ್ಲಿದ್ದ ಈ ವಿದ್ಯೆಯು ಬೇಗನೆ ಕನ್ನಡಕ್ಕೆ ಇಳಿಯಿತು. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ 'ಗೋವೈದ್ಯ'ವನ್ನು ಬರೆದನು. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂಬ ಹೆಸರಿನಿಂದ ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆರಂಭಕಾಲದಲ್ಲಿ, ಮಂಗರಾಜನು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ವಿಷ ಮತ್ತು ವಿಷಚಿಕಿತ್ಸೆಗಳೇ ಇದರ ವಸ್ತು. ಗಿಡಮರ ಖನಿಜಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷ, ಮನುಷ್ಯನು ಕೂಡಿಸಿ ಮಾಡುವ ಕೃತ್ರಿಮ ವಿಷ ಎಂಬ ವಿಭಾಗವನ್ನು ಅನುಸರಿಸಿದ ಈ ಕೃತಿಯನ್ನು ಮದರಾಸು ವಿಶ್ವವಿದ್ಯಾನಿಲಯವು ೧೯೪೨ರಲ್ಲಿ ಪ್ರಕಟಿಸಿತು.

ಈ ಕವಿಗಳು ಪದ್ಯದಲ್ಲಿ ಬರೆದುದು ಅಲಂಕಾರಪ್ರಿಯತೆಯಿಂದ ಮಾತ್ರವೆಂದು ಭಾವಿಸಬೇಕಾಗಿಲ್ಲ. ಛಂದಸ್ಸಿಗೆ ಕಟ್ಟಿದ ಮಾತು ನೆನಪಿನಲ್ಲಿ ನಿಲ್ಲುತ್ತದೆ. ಪ್ರತಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಮಾತ್ರೆ ಕೆಟ್ಟು ತಪ್ಪು ಹೊರಬೀಳುತ್ತದೆ. ಆದರೆ ಇವುಗಳಲ್ಲಿ ಶಾಸ್ತ್ರದೊಡನೆ ಮಂತ್ರವೂ ಬೆರೆತಿದೆಯೆಂಬುದನ್ನು ಮರೆಯಬಾರದು. ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಎಣಿಸಿ ನೋಡಿ ಗ್ರಂಥವನ್ನು ಮತ್ತೆ ಮತ್ತೆ ಪರಿಷ್ಕರಿಸುವ ವ್ಯವಸ್ಥೆ ಆ ಕಾಲದಲ್ಲಿ ಇರಲಿಲ್ಲ.

ಹೆಸರು ಮತ್ತು ತೂಕ

ಔಷಧಕೋಶದ ಮೊದಲ ಕೆಲಸ ಹೆಸರನ್ನು ನಿಶ್ಚಯಿಸುವುದು. 'ಬ್ರಾಹ್ಮಿ' ಎಂದರೆ ಕರ್ನಾಟಕದ ಅನೇಕ ಕಡೆ ಒಂದೆಲಗ. ಬೇರೆ ಕಡೆ ಅದೇ ಹೆಸರು ನೀರುಬ್ರಾಹ್ಮಿಗೆ ಸಲ್ಲುತ್ತದೆ. ಇವೆರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಸಸ್ಯಗಳು. ಬ್ರಿಟಿಷ್ ಸರಕಾರದ ಅಧಿಕಾರದಿಂದ ಎಡ್ವರ್ಡ್ ಜಾನ್ ವೇರಿಂಗನು ಸಂಪಾದಿಸಿದ 'ಇಂಡಿಯಾ ಫಾರ್ಮಕೋಪಿಯ' ೧೮೬೮ರಲ್ಲಿ ಹೊರಬಂದಾಗ ಈ ತೊಡಕು ಎದ್ದುಕಂಡಿತು. ಮದರಾಸಿನ ವೈದ್ಯ ಮೊಹಿದ್ದೀನ್ ಷರೀಫರು ಮರುವರ್ಷವೇ ಅದಕ್ಕೆ ಒಂದು ಅನುಬಂಧವನ್ನು ಪ್ರಕಟಿಸಿ, ದ್ರವ್ಯಗಳಿಗೆ ಕನ್ನಡವೂ ಸೇರಿ ಅನೇಕ ದೇಶಭಾಷೆಗಳಲ್ಲಿರುವ ಹೆಸರುಗಳನ್ನು ಒಟ್ಟುಗೂಡಿಸಿದರು. ದಖನಿ, ತೆಲುಗು, ಕನ್ನಡ, ಮರಾಠಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಜಿಲ್ಲೆಯಂತಹ ಕಡೆ ಇಂತಹ ಪಟ್ಟಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಪ್ರಮಾಣ. ಹಳೆಯ ಕಡತಗಳಲ್ಲಿ ಗುಲಗಂಜಿ, ಮಾಸಿ, ತೊಲಗಳ ಲೆಕ್ಕ ಸಿಗುತ್ತದೆ. ಬ್ರಿಟಿಷರು ನಿಗದಿಪಡಿಸಿದ ತೊಲ ಸುಮಾರು ೧೧.೬೬ ಗ್ರಾಂ, ಅದರ ೯೬ನೆಯ ಒಂದು ಭಾಗವೇ ಗುಲಗಂಜಿ. ಆದರೆ ಗುಲಗಂಜಿಯು ಬಳ್ಳಿಯಲ್ಲಿ ಬೆಳೆಯುವ ಬೀಜ; ಎಲ್ಲ ಬೀಜಗಳೂ ಒಂದೇ ತೂಕವಲ್ಲ. ತೀಕ್ಷ್ಣವಾದ ದ್ರವ್ಯಗಳಲ್ಲಿ ಇಷ್ಟು ಅಂತರವೂ ಅಪಾಯಕ್ಕೆ ದಾರಿ. ೧೯೫೬ರ ಶಾಸನದಿಂದ ಮೆಟ್ರಿಕ್ ತೂಕ ಅಳತೆಗಳು ಬಂದರೂ ಮನೆಯೊಳಗಿನ ತೊಡಕು ಪೂರ್ತಿಯಾಗಿ ನಿವಾರಣೆಯಾಗಿಲ್ಲ. 'ಒಂದು ಚಮಚ' ಎಂದು ವೈದ್ಯರು ಹೇಳುವುದು ೫ ಮಿಲಿಲೀಟರನ್ನು. ಅಡುಗೆಮನೆಯ ಚಮಚಗಳಾದರೋ ಹತ್ತಾರು ಗಾತ್ರದವು. ಮಕ್ಕಳ ಔಷಧದ ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನು ಎಸೆಯದೆ ಅದನ್ನೇ ಬಳಸಬೇಕೆಂಬುದಕ್ಕೆ ಇದೇ ಕಾರಣ.

ಹೆಸರಿನ ತೊಡಕು ಇಂದು ಇನ್ನೊಂದು ರೂಪ ತಾಳಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ಜ್ವರಕ್ಕೆಂದು ಒಂದು ಊರಿನಲ್ಲಿ ಕೊಂಡ ಗುಳಿಗೆಯನ್ನೂ, ನೆಗಡಿ ಮೈಕೈನೋವುಗಳಿಗೆಂದು ಮತ್ತೊಂದು ಊರಿನಲ್ಲಿ ಕೊಂಡ ಗುಳಿಗೆಯನ್ನೂ ಮೂರು ದಿನ ಒಟ್ಟಿಗೆ ಸೇವಿಸಿದರು. ಎರಡರ ಮೇಲಿದ್ದ ವ್ಯಾಪಾರದ ಹೆಸರುಗಳು ಬೇರೆ; ಒಳಗಿದ್ದ ಮುಖ್ಯ ಔಷಧ ಮಾತ್ರ ಒಂದೇ, ಪ್ಯಾರಾಸಿಟಮಾಲ್. ವಯಸ್ಕರಿಗೆ ಇದು ದಿನವೊಂದಕ್ಕೆ ೪ ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಹಾನಿ. ಮೊದಲ ದಿನ ಹಾನಿಯ ಲಕ್ಷಣಗಳು ಕಾಣದೆಯೂ ಇರಬಹುದಾದುದರಿಂದ ಅಪಾಯ ಹೆಚ್ಚು. ನೆರೆಯ ವಿದ್ಯಾರ್ಥಿಯೊಬ್ಬನು ಎರಡು ಪಟ್ಟಿಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಎಚ್ಚರಿಸಿದುದರಿಂದ ಅವರು ಪಾರಾದರು. ಶಹಾಬಾದಿನ ಕಲ್ಲುಗಣಿಯಲ್ಲಿಯೋ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೋ ದುಡಿದು ಬೆನ್ನುನೋವಿಗೆ ಗುಳಿಗೆ ಹುಡುಕುವ ಕೂಲಿಕಾರನಿಗೆ ಆ ಅಕ್ಷರಗಳನ್ನು ಓದಿ ಹೇಳುವವರು ಯಾರು?

ಹೈದರಾಬಾದಿನ ಕ್ಲೋರೋಫಾರಂ ಆಯೋಗಗಳು

ಹೆಸರು ಪ್ರಮಾಣಗಳು ಸರಿಯಾಗಿದ್ದರೂ ಗ್ರಂಥದ ಎಚ್ಚರಿಕೆಯೇ ತಪ್ಪಾಗಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ಪ್ರಾಂತದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರಂ ಬಳಕೆಯಾಗುತ್ತಿತ್ತು. ಕೆಲವರು ರೋಗಿಗಳು ಮೇಜಿನ ಮೇಲೆಯೇ ಹಠಾತ್ತಾಗಿ ಸಾಯುತ್ತಿದ್ದರು. ಕಾರಣ ಉಸಿರಾಟ ನಿಲ್ಲುವುದೋ ಹೃದಯ ನಿಲ್ಲುವುದೋ ಎಂಬುದು ವಿವಾದವಾಗಿತ್ತು. ನಮ್ಮ ಜಿಲ್ಲೆಯು ಆಗ ಸೇರಿದ್ದ ನಿಜಾಮ ಸಂಸ್ಥಾನದಲ್ಲಿ, ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ ೧೮೮೮ರಲ್ಲಿ ಒಂದು ಆಯೋಗವೂ ೧೮೮೯ರಲ್ಲಿ ಎರಡನೆಯ ಆಯೋಗವೂ ಕುಳಿತುವು. ನಿಜಾಮರ ಧನಸಹಾಯದಿಂದ ಲಂಡನ್ನಿನ ಪ್ರಸಿದ್ಧ ವೈದ್ಯ ಲಾಡರ್ ಬ್ರಂಟನ್ನನು ಬಂದು ಎರಡನೆಯ ಆಯೋಗದಲ್ಲಿ ಭಾಗವಹಿಸಿದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ ಆಯೋಗವು ಉಸಿರೇ ಮೊದಲು ನಿಲ್ಲುವುದೆಂದೂ, ಉಸಿರಾಟವನ್ನು ಎಚ್ಚರದಿಂದ ನೋಡಿಕೊಂಡರೆ ಭಯವಿಲ್ಲವೆಂದೂ ತೀರ್ಮಾನಿಸಿತು.

ಈ ತೀರ್ಮಾನ ಪೂರ್ಣವಾಗಿರಲಿಲ್ಲ. ಕ್ಲೋರೋಫಾರಂ ಅಲ್ಪಪ್ರಮಾಣದಲ್ಲಿದ್ದಾಗಲೂ ಹೃದಯದ ಬಡಿತ ಅಸ್ತವ್ಯಸ್ತವಾಗಿ ಮರಣ ಸಂಭವಿಸಬಹುದೆಂದು ಗುಡ್‌ಮನ್ ಲೆವಿಯು ೧೯೧೧ರಲ್ಲಿ ಪ್ರಯೋಗದಿಂದ ತೋರಿಸಿದನು. ನಡುವೆ ಕಳೆದುದು ಇಪ್ಪತ್ತೆರಡು ವರ್ಷ. ಹೈದರಾಬಾದಿನವರು ಅಪ್ರಾಮಾಣಿಕರಾಗಿರಲಿಲ್ಲ, ತಮಗೆ ಕಂಡುದನ್ನು ಪ್ರಕಟಿಸಿದರು. ಪ್ರಕಟಿಸಿದ್ದರಿಂದಲೇ ಅವರ ತಪ್ಪು ತಿದ್ದಲ್ಪಟ್ಟಿತು. ಆದುದರಿಂದ ಔಷಧಕೋಶವು ಪ್ರಮಾಣಗ್ರಂಥವಾಗುವುದು ತಪ್ಪೇ ಇಲ್ಲದುದರಿಂದಲ್ಲ, ತಪ್ಪನ್ನು ತಿದ್ದಿಕೊಳ್ಳಬಲ್ಲುದರಿಂದ.

ಶಾಸನ ಮತ್ತು ರಾಷ್ಟ್ರೀಯ ಗ್ರಂಥಗಳು

ಕಲಬೆರಕೆಯ ಔಷಧಗಳ ಹಾವಳಿಯನ್ನು ವಿಚಾರಿಸಲು ೧೯೩೦ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಫಲವಾಗಿ ೧೯೪೦ರ ಔಷಧ ಶಾಸನವೂ ೧೯೪೮ರ ಫಾರ್ಮಸಿ ಶಾಸನವೂ ಬಂದುವು. ಮೊದಲನೆಯದು ಆಗ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸಿತ್ತು. ಸಂಸ್ಥಾನದೊಳಗಿದ್ದ ನಮ್ಮ ಜಿಲ್ಲೆ ಭಾರತದ ಶಾಸನಗಳ ವ್ಯಾಪ್ತಿಗೆ ಸೇರಿದುದು ೧೯೪೮ರ ನಂತರವೇ. ಸ್ವತಂತ್ರ ಭಾರತದ ಮೊದಲ ಫಾರ್ಮಕೋಪಿಯ ೧೯೫೫ರಲ್ಲಿ ಪ್ರಕಟವಾಯಿತು. ಒಂಬತ್ತನೆಯ ಆವೃತ್ತಿ ೨೦೨೨ರಲ್ಲಿ ಬಂದಿತು. ಔಷಧದ ಹೆಸರಿನ ಮುಂದೆ ಕಾಣುವ 'ಐ.ಪಿ.' ಎಂಬ ಎರಡಕ್ಷರಗಳು ಈ ಗ್ರಂಥದ ಮಾನಕ್ಕೆ ಒಪ್ಪಬೇಕೆಂಬುದರ ಸೂಚನೆ. ಆಯುರ್ವೇದಕ್ಕೆ ೧೯೭೮ರಲ್ಲಿಯೂ, 'ಕರಾಬಾದೀನ್' ಎಂಬ ಯೋಗಸಂಗ್ರಹಗಳ ದೀರ್ಘ ಪರಂಪರೆಯುಳ್ಳ ಯುನಾನಿಗೆ ೧೯೮೧ರಲ್ಲಿಯೂ ಪ್ರತ್ಯೇಕ ಫಾರ್ಮ್ಯುಲರಿಗಳ ಮೊದಲ ಭಾಗಗಳು ದೊರೆತುವು.

ಆದರೆ ರೋಗಿಯ ಹಾಸಿಗೆಯ ಬಳಿ ಬೇಕಾದ ರಾಷ್ಟ್ರೀಯ ಫಾರ್ಮ್ಯುಲರಿಯ ಕಥೆ ಬೇರೆ. ಮೂರು ಆವೃತ್ತಿಗಳು ೧೯೬೦, ೧೯೬೬, ೧೯೭೯ರಲ್ಲಿ ಬಂದುವು. ನಾಲ್ಕನೆಯದು ಬರಲು ಸುಮಾರು ಮೂರು ದಶಕಗಳು ಹಿಡಿದುವು. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮೆದುಳು ಯಕೃತ್ತುಗಳಿಗೆ ಮಾರಕವಾದ ರೇ ವ್ಯಾಧಿ ಉಂಟಾಗಬಹುದೆಂಬ ಎಚ್ಚರಿಕೆ ಪ್ರಪಂಚದಲ್ಲಿ ಹರಡಿದುದು ೧೯೮೦ರ ದಶಕದಲ್ಲಿ. ಅದು ೧೯೭೯ರ ಪುಸ್ತಕದಲ್ಲಿ ಹೇಗೆ ತಾನೇ ಇದ್ದೀತು? ಹೊಸ ಪುಸ್ತಕವಿಲ್ಲದ ಆ ಅವಧಿಯಲ್ಲಿ ಔಷಧಗಳ ಸಂಖ್ಯೆಯೂ ವ್ಯಾಪಾರದ ಹೆಸರುಗಳೂ ಬೆಳೆಯುತ್ತಲೇ ಹೋದುವು. ಅನೇಕ ಚಿಕ್ಕ ಊರುಗಳಲ್ಲಿ ಕಂಪನಿಯ ಪ್ರತಿನಿಧಿ ತಂದುಕೊಡುವ ಕರಪತ್ರವೇ ವೈದ್ಯನಿಗೆ ಗ್ರಂಥವಾಯಿತು. ಮಾರುವವನ ಕರಪತ್ರವು ಗುಣವನ್ನು ಹೇಳುವಷ್ಟು ಧಾರಾಳವಾಗಿ ದೋಷವನ್ನು ಹೇಳುವುದಿಲ್ಲ. ೨೦೧೬ರಲ್ಲಿಯೂ ೨೦೨೧ರಲ್ಲಿಯೂ ಮುಂದಿನ ಆವೃತ್ತಿಗಳು ಬಂದುದು ಸಮಾಧಾನದ ಸಂಗತಿ. ಔಷಧದ ದುಷ್ಪರಿಣಾಮಗಳನ್ನು ವರದಿ ಮಾಡಿಸಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮವೂ ೨೦೧೦ರಲ್ಲಿ ಆರಂಭವಾಯಿತು. ರೋಗಿಯೇ ತುಂಬಿ ಕಳುಹಿಸಬಹುದಾದ ಅದರ ನಮೂನೆ ಕನ್ನಡದಲ್ಲಿಯೂ ಸಿದ್ಧವಾಗಿದೆ. ಹೀಗೆ ಕಳುಹಿಸಿದ ಒಂದೊಂದು ವರದಿಯೂ ಮುಂದಿನ ಆವೃತ್ತಿಯ ತಿದ್ದುಪಡಿಗೆ ಕಾರಣವಾಗಬಲ್ಲುದು.

ಉಪಸಂಹಾರ

ಮೇಲಿನ ವಿವರಣೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಔಷಧವು ನಿರಪಾಯಕಾರಿಯಾಗುವುದು ದ್ರವ್ಯದ ಗುಣದಿಂದಷ್ಟೇ ಅಲ್ಲ. ಅದರ ಹೆಸರು, ಪ್ರಮಾಣ, ಎಚ್ಚರಿಕೆಗಳು ಬರಹದಲ್ಲಿದ್ದು, ಆ ಬರಹ ಕಾಲಕಾಲಕ್ಕೆ ತಿದ್ದಲ್ಪಟ್ಟು, ಸೇವಿಸುವವನಿಗೆ ತಿಳಿಯುವ ಭಾಷೆಯಲ್ಲಿ ತಲುಪಿದಾಗ ಮಾತ್ರ. ಎಂಟು ಒಂಬತ್ತು ನೂರು ವರ್ಷಗಳ ಹಿಂದೆಯೇ ಕೀರ್ತಿವರ್ಮ ಸೋಮನಾಥರು ಈ ವಿದ್ಯೆಯನ್ನು ಕನ್ನಡದಲ್ಲಿ ಹೇಳಿದ್ದರು. ಇಂದಿನ ರಾಷ್ಟ್ರೀಯ ಫಾರ್ಮ್ಯುಲರಿ ಇಂಗ್ಲಿಷಿನಲ್ಲಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಔಷಧಗಳನ್ನಾದರೂ ಕುರಿತು, ತಜ್ಞರಿಂದ ಪರಿಶೋಧಿತವಾದ, ನಿಯತವಾಗಿ ಪರಿಷ್ಕೃತವಾಗುವ ಕನ್ನಡ ಕೈಪಿಡಿಯೊಂದು ಪ್ರತಿಯೊಂದು ಗ್ರಂಥಾಲಯದಲ್ಲಿಯೂ ಇರುವಂತಾಗಬೇಕು.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೂ ಉಂಟು. ನಮ್ಮ ಹಳ್ಳಿಗಳ ವೈದ್ಯರ ಹಾಗೂ ಹಕೀಮರ ಮನೆಗಳಲ್ಲಿ ಉಳಿದಿರಬಹುದಾದ ಕಡತಗಳನ್ನು ಹುಡುಕಿ, ಅವುಗಳಲ್ಲಿನ ಹೆಸರು ತೂಕಗಳನ್ನು ಗುರುತಿಸಿ ಸೂಚಿಗಳನ್ನು ಸಿದ್ಧಪಡಿಸಬೇಕು. ಅವು ಇತಿಹಾಸದ ಆಕರಗಳು. ಪರೀಕ್ಷೆಯಾಗದೆ ಅವುಗಳಿಂದ ಚಿಕಿತ್ಸೆಗೆ ಇಳಿಯುವುದು ಮಾತ್ರ ಸಲ್ಲದು. ಇದರೊಡನೆ, ಮನೆಗೆ ತಂದ ಗುಳಿಗೆಯ ಪಟ್ಟಿಯನ್ನು ತಿರುಗಿಸಿ, ದೊಡ್ಡ ಅಕ್ಷರದ ಹೆಸರಿನ ಬದಲು ಸಣ್ಣ ಅಕ್ಷರದ ಹೆಸರನ್ನು ಓದಿ ಹಿರಿಯರಿಗೆ ತಿಳಿಸುವ ಅಭ್ಯಾಸವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಇಟ್ಟುಕೊಳ್ಳಬೇಕು. ಸಂದೇಹ ಬಂದಲ್ಲಿ ವೈದ್ಯರನ್ನೋ ಅರ್ಹ ಔಷಧಜ್ಞರನ್ನೋ ಕೇಳಲು ಹಿಂಜರಿಯಬಾರದು.