ಮನೆಯ ದುರಸ್ತಿಯೂ ಹಿತ್ತಲ ಹೂಗಿಡಗಳೂ

ರೈತರ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹೆಂಚು ಕೈಯಾಡಿಸುವುದು, ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿಯುವುದು, ಬಚ್ಚಲನ್ನು ಸರಿಪಡಿಸುವುದು ಮುಂತಾದ ಕೆಲಸಗಳು ಒದಗುತ್ತವೆ. ಅದೇ ಮನೆಗಳ ಹಿತ್ತಲಿನಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಸುಗಂಧರಾಜ, ಗುಲಾಬಿ ಇವುಗಳ ಹತ್ತಿಪ್ಪತ್ತು ಗಿಡಗಳಾದರೂ ಇರುವುದುಂಟು. ಈ ಎರಡಕ್ಕೂ ಸಂಬಂಧವಿಲ್ಲವೆಂದು ಭಾವಿಸಿ, ಮನೆಯ ಕೆಲಸವನ್ನು ಯಜಮಾನನೂ ಹೂಗಿಡಗಳ ಆರೈಕೆಯನ್ನು ಮನೆಯ ಹೆಂಗಸರೂ ಒಬ್ಬರನ್ನೊಬ್ಬರು ಕೇಳದೆ ನಡೆಸುವುದು ವಾಡಿಕೆಯಾಗಿದೆ. ಇದರಿಂದ ಉಂಟಾಗುವ ನಷ್ಟವು ಮದುವೆಯ ವರ್ಷದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ವೈಶಾಖದಲ್ಲಿ ಮಗಳ ಮದುವೆಯೆಂದು ನಿಶ್ಚಯವಾದ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಯುಗಾದಿ ಕಳೆದ ಮೇಲೆ ಎಲ್ಲರಿಗೂ ಗೋಡೆಯ ನೆನಪು ಬರುತ್ತದೆ. ಕೂಲಿಯಾಳುಗಳನ್ನು ಕರೆಯಿಸಿ, ಹಿತ್ತಲ ಮೂಲೆಯಲ್ಲಿ ಮಣ್ಣು ಅಗೆದು, ಅಲ್ಲಿಯೇ ಕಲಸಿ, ಅಲ್ಲಿಯೇ ಸುಣ್ಣವನ್ನೂ ಅರಳಿಸುತ್ತಾರೆ. ಮೊಗ್ಗಿನಿಂದ ತುಂಬಿದ ಮಲ್ಲಿಗೆಯ ಬಳ್ಳಿಗಳ ಮೇಲೆ ಏಣಿಯನ್ನು ಊರುತ್ತಾರೆ. ಮೇಲಿನಿಂದ ಒಡೆದ ಹೆಂಚುಗಳು ಬೀಳುತ್ತವೆ. ಬಾವಿಯ ನೀರೆಲ್ಲವೂ ಮಣ್ಣಿಗೂ ಸುಣ್ಣಕ್ಕೂ ಹೋಗಿ ಗಿಡಗಳು ಎಂಟು ದಿನ ಒಣಗುತ್ತವೆ. ಮದುವೆಯ ದಿವಸ ಗೋಡೆ ಬೆಳ್ಳಗಿರುತ್ತದೆ. ಹೂವನ್ನು ಮಾತ್ರ ಪೇಟೆಯಿಂದ, ಲಗ್ನದ ಕಾಲದ ಬೆಲೆ ಕೊಟ್ಟು ತರಬೇಕಾಗುತ್ತದೆ. ತುಳಿತಕ್ಕೆ ಸಿಕ್ಕಿದ ಬಳ್ಳಿಗಳು ಆ ವರ್ಷದ ಹೂವನ್ನು ಪುನಃ ಕೊಡಲಾರವು.

ಇದನ್ನು ತಪ್ಪಿಸಲು ಹೆಚ್ಚಿನ ಖರ್ಚು ಬೇಕಾಗಿಲ್ಲ. ಕೆಲಸದ ಕಾಲವನ್ನು ಗಿಡಗಳ ವಿಶ್ರಾಂತಿಯ ಕಾಲಕ್ಕೆ ಹೊಂದಿಸಿಕೊಂಡರೆ ಸಾಕು.

ಕಾಲದ ಹೊಂದಿಕೆ

ಮಲ್ಲಿಗೆಯನ್ನು ಮಾರ್ಗಶಿರ ಮಾಸದಲ್ಲಿ ಕತ್ತರಿಸತಕ್ಕುದು. ಅದಕ್ಕೆ ಮೊದಲು ಹತ್ತು ಹದಿನೈದು ದಿವಸ ನೀರನ್ನು ನಿಲ್ಲಿಸಿ, ಬಳಿಕ ನೆಲದಿಂದ ೧½ ಅಡಿ ಎತ್ತರಕ್ಕೆ ಎಲ್ಲ ಕವಲುಗಳನ್ನೂ ಸವರಿ, ಒಣಗಿದ ಮತ್ತು ರೋಗ ತಗುಲಿದ ಕಡ್ಡಿಗಳನ್ನು ಬುಡದಲ್ಲಿಯೇ ತೆಗೆದು, ಉಳಿದ ಎಲೆಗಳನ್ನು ಉದುರಿಸಬೇಕು. ಮಲ್ಲಿಗೆಯ ಮೊಗ್ಗು ಹೊಸ ಚಿಗುರಿನಲ್ಲಿ ಬರುವುದರಿಂದ ಹೀಗೆ ಕತ್ತರಿಸುವುದು ಅವಶ್ಯಕ. ಆಮೇಲೆ ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಫಾಲ್ಗುಣದ ವೇಳೆಗೆ ಹೂವು ಆರಂಭವಾಗಿ ಬೇಸಗೆಯುದ್ದಕ್ಕೂ ನಡೆಯುತ್ತದೆ.

ಕತ್ತರಿಸಿದಂದಿನಿಂದ ಹೊಸ ಚಿಗುರು ಬಲಿಯುವವರೆಗೆ ಸುಮಾರು ಒಂದು ತಿಂಗಳ ಅವಧಿಯಿದೆ. ಆಗ ಹಿತ್ತಲಲ್ಲಿರುವುದು ಮೊಳಕಾಲೆತ್ತರದ ಬರಿಯ ಕಡ್ಡಿಗಳು. ಏಣಿಯನ್ನಾಗಲಿ ಅಟ್ಟಣೆಯನ್ನಾಗಲಿ ಹಾಕಿದರೆ ಕೆಡುವುದೇನೂ ಇಲ್ಲ. ಒಂದೆರಡು ಮಂಕರಿಗಳನ್ನು ಕಡ್ಡಿಗಳ ಮೇಲೆ ಬೋರಲು ಹಾಕಿದರೆ ಬೀಳುವ ಹೆಂಚಿನಿಂದಲೂ ರಕ್ಷಣೆಯಾಗುತ್ತದೆ. ಸೇವಂತಿಗೆಯೂ ಈ ಕಾಲಕ್ಕೆ ಹೂ ಮುಗಿಸುತ್ತ ಬಂದಿರುತ್ತದೆ. ಹಳೆಯ ಕಾಂಡಗಳನ್ನು ಕೊಯ್ದು, ಬುಡದಿಂದೇಳುವ ಕಂದುಗಳನ್ನು ಮಣ್ಣುಸಹಿತ ತೆಗೆದು ಕುಕ್ಕೆಗಳಲ್ಲಿಟ್ಟುಕೊಂಡರೆ ಆಷಾಢದಲ್ಲಿ ನೆಡಲು ಸಿದ್ಧವಾಗಿರುತ್ತವೆ. ಎಲೆ ಹಳದಿಯಾಗಿ ನಿಂತ ಸುಗಂಧರಾಜದ ಗೆಡ್ಡೆಗಳನ್ನು ಅಗೆದು ನೆರಳಿನಲ್ಲಿ ಆರಹಾಕಬಹುದು. ಕನಕಾಂಬರ ಒಂದೇ ತೊಡಕಿನದು. ಅದು ವರ್ಷವೆಲ್ಲ ಹೂ ಬಿಡುತ್ತಿರುತ್ತದೆ, ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಸುಧಾರಿಸಿಕೊಳ್ಳುವುದಿಲ್ಲ. ಅದಕ್ಕೆ ಗೂಟ ನೆಟ್ಟು ಗೋಣಿತಾಟಿನ ಮರೆ ಕಟ್ಟುವುದೇ ಮಾರ್ಗ.

ಸುಗ್ಗಿಯ ಕಾಲದಲ್ಲಿ ಗೋಡೆಯ ಕೆಲಸಕ್ಕೆ ಆಳುಗಳೆಲ್ಲಿ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ರಾಗಿಯನ್ನು ಕೊಯ್ದು ಮೆದೆ ಹಾಕಿದ ಮೇಲೆ ಒಕ್ಕಣೆಗೆ ತೊಡಗುವವರೆಗೆ ಕೆಲವು ದಿವಸಗಳ ಬಿಡುವು ಅನೇಕ ಗ್ರಾಮಗಳಲ್ಲಿ ಇದ್ದೇ ಇರುತ್ತದೆ. ಮನೆಯ ಎಲ್ಲ ಕೆಲಸಗಳನ್ನೂ ಆ ಬಿಡುವಿನಲ್ಲಿ ಮಾಡಬೇಕಾಗಿಲ್ಲ. ಹಿತ್ತಲ ಗೋಡೆ, ಹಿಂದಣ ಸೂರು, ಬಚ್ಚಲು ಇಷ್ಟನ್ನು ಮುಗಿಸಿಕೊಂಡರಾಯಿತು. ಬೀದಿಯ ಕಡೆಯ ಗೋಡೆಯನ್ನೂ ಜಗಲಿಯನ್ನೂ ಚೈತ್ರದವರೆಗೆ ಬಿಟ್ಟರೂ ಗಿಡಗಳಿಗೆ ತೊಂದರೆಯಿಲ್ಲ.

ಸುಣ್ಣ ಬಳಿಯುವುದಕ್ಕೂ ಈ ಚಳಿಗಾಲವೇ ಮೇಲು. ಸುಣ್ಣವು ಗೋಡೆಗೆ ಹಿಡಿಯುವುದು ಕೇವಲ ಒಣಗುವುದರಿಂದಲ್ಲ. ತೇವವಿರುವಾಗಲೇ ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ. ಬಿರುಬೇಸಗೆಯಲ್ಲಿ ಬಳಿದ ಸುಣ್ಣ ಒಂದು ಗಳಿಗೆಯಲ್ಲಿ ಒಣಗಿ, ಕೈಸೋಕಿದರೆ ಪುಡಿಯಾಗಿ ಉದುರುವುದಕ್ಕೆ ಇದೇ ಕಾರಣ. ಗೋಡೆಯನ್ನು ಮೊದಲು ನೀರಿನಿಂದ ನೆನಸಿ, ತೆಳುವಾಗಿ ಎರಡು ಮೂರು ಸಲ ಬಳಿದುದು ದಪ್ಪವಾಗಿ ಒಮ್ಮೆ ಬಳಿದುದಕ್ಕಿಂತ ಬಹುಕಾಲ ನಿಲ್ಲುತ್ತದೆ.

ಹೆಂಚಿನ ವಿಷಯದಲ್ಲಿ ಒಂದು ಮಾತು. ನಾಡಹೆಂಚಿನ ಮಾಡನ್ನು ರೋಹಿಣಿ ಮಳೆಗೆ ಮೊದಲು ಕೈಯಾಡಿಸಲೇಬೇಕು. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಕಾರ್ಖಾನೆಯಿಂದ ಮೊದಲಾದ ಯಂತ್ರದ ಹೆಂಚನ್ನು ಹೊದಿಸಿದವರಿಗೆ ಪ್ರತಿವರ್ಷ ಈ ಕೆಲಸವಿಲ್ಲ. ಹಿಂದಣ ಸೂರಿಗೆ ಮಾತ್ರವಾದರೂ ಅಂಥ ಹೆಂಚನ್ನು ಹಾಕಿಸಿದವರ ಮಲ್ಲಿಗೆಗೆ ವರ್ಷವರ್ಷವೂ ತುಳಿತವಿಲ್ಲದಂತಾಗುತ್ತದೆ.

ಗೋಡೆಯ ಮಣ್ಣು, ಗಿಡದ ಮಣ್ಣು

ಗೋಡೆಗೆ ಬೇಕಾದ ಮಣ್ಣನ್ನು ಹಿತ್ತಲಿನಲ್ಲಿಯೇ ಮೇಲುಮೇಲಕ್ಕೆ ಕೆರೆದು ತೆಗೆಯುವ ಪದ್ಧತಿಯು ಎರಡು ಕಡೆಯಲ್ಲಿಯೂ ನಷ್ಟವನ್ನುಂಟುಮಾಡುತ್ತದೆ. ಮೇಲಣ ಅರ್ಧ ಅಡಿಯ ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಗೊಬ್ಬರದ ಅಂಶಗಳು ಸೇರಿರುತ್ತವೆ. ಗಿಡಗಳಿಗೆ ಆಹಾರವಿರುವುದು ಅದರಲ್ಲಿಯೇ. ಗೋಡೆಗಾದರೋ ಈ ಮಣ್ಣು ತಕ್ಕುದಲ್ಲ. ಅದರಲ್ಲಿನ ಕಸಕಡ್ಡಿಗಳು ಕೊಳೆತು ಸಂದುಬಿಟ್ಟು, ಗೆದ್ದಲಿಗೆ ಅನುಕೂಲವಾಗುತ್ತದೆ. ಗೋಡೆಗೆ ಬೇಕಾದುದು ಅದರ ಕೆಳಗಿರುವ, ಬೇರಿಲ್ಲದ, ಅಂಟುಳ್ಳ ಮಣ್ಣು.

ಆದುದರಿಂದ ಮಣ್ಣು ತೆಗೆಯುವುದನ್ನೂ ಹೊಸ ಮಲ್ಲಿಗೆಗೆ ಗುಂಡಿ ತೋಡುವುದನ್ನೂ ಒಂದೇ ಕೆಲಸವನ್ನಾಗಿ ಮಾಡಬಹುದು. ೫ ಅಡಿಗೊಂದರಂತೆ ೧½ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿಗಳನ್ನು ತೋಡಿ, ಮೇಲಣ ಅರ್ಧ ಅಡಿಯ ಮಣ್ಣನ್ನು ಪಕ್ಕದಲ್ಲಿ ಬೇರೆ ರಾಶಿಹಾಕಿ, ಕೆಳಗಣ ಒಂದು ಅಡಿಯ ಮಣ್ಣನ್ನು ಗೋಡೆಗೆ ಒಯ್ಯಬೇಕು. ಹೀಗೆ ಒಂದು ಗುಂಡಿಯಲ್ಲಿ ೨¼ ಘನ ಅಡಿಯಂತೆ ೧೦ ಗುಂಡಿಗಳಿಂದ ೨೨½ ಘನ ಅಡಿ ಮಣ್ಣು ದೊರೆಯುತ್ತದೆ. ಅರ್ಧ ಅಂಗುಲ ದಪ್ಪಕ್ಕೆ ಮೆತ್ತುವುದಾದರೆ ಸುಮಾರು ೫೦೦ ಚದರಡಿ ಗೋಡೆಗೆ ಇದು ಸಾಕಾಗುತ್ತದೆ. ಗುಂಡಿಗಳು ಬೇಸಗೆಯಲ್ಲಿ ಬಿಸಿಲು ಗಾಳಿಗಳನ್ನು ಕಂಡಷ್ಟೂ ಒಳ್ಳೆಯದು. ಕರುಗಳೂ ಮಕ್ಕಳೂ ಬೀಳದಂತೆ ಮುಳ್ಳು ಮುಚ್ಚಿಟ್ಟರೆ ಸರಿ. ಮುಂಗಾರು ಹತ್ತಿದ ಮೇಲೆ, ರಾಶಿ ಹಾಕಿದ್ದ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರ, ಕೆಡವಿದ ಹಳೆಯ ಮಣ್ಣುಗೋಡೆಯ ಪುಡಿ, ಈ ಮೂರನ್ನೂ ಬೆರಸಿ ತುಂಬಿ ಗಿಡ ನೆಡತಕ್ಕುದು. ಹಳೆಯ ಗೋಡೆಯ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವು ಸೇರಿಕೊಂಡಿರುವುದರಿಂದ ಅದು ಗೊಬ್ಬರವೂ ಆಗುತ್ತದೆ. ಆದರೆ ಅದರ ಮೇಲಿದ್ದ ಸುಣ್ಣದ ಹೊಪ್ಪಳಿಕೆಗಳನ್ನು ಮೊದಲು ಕೆರೆದು ತೆಗೆದಿರಬೇಕು. ಹಳೆಯ ಬಾಗಿಲು ಕಿಟಕಿಗಳಿಂದ ಕೆರೆದ ಎಣ್ಣೆಬಣ್ಣದ ಪುಡಿಯನ್ನಂತೂ ಪಾತಿಗಳ ಬಳಿಗೆ ತರಲೇಕೂಡದು. ಹಳೆಯ ಬಣ್ಣಗಳಲ್ಲಿ ಸೀಸವಿರುವುದುಂಟು. ಸೀಸವು ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ, ಮಣ್ಣಿನಲ್ಲಿ ಆಡುವ ಮಕ್ಕಳಿಗೆ ಅದು ವಿಷ.

ಒಡೆದ ಹೆಂಚುಗಳನ್ನು ಪಾತಿಗಳ ಅಂಚಿಗೆ ಓರೆಯಾಗಿ ಹುಗಿದರೆ ಅಂದವೂ ಆಗುತ್ತದೆ, ನೀರೂ ಹರಿದುಹೋಗುವುದಿಲ್ಲ. ಅವನ್ನು ಮಲ್ಲಿಗೆಯ ಬಳಿ ರಾಶಿಯಾಗಿ ಬಿಡುವುದು ಮಾತ್ರ ದೊಡ್ಡ ತಪ್ಪು. ಹೆಂಚಿನ ರಾಶಿಯಲ್ಲಿಯೂ ಹಳೆಯ ಮರಮುಟ್ಟಿನ ಸಂದಿಯಲ್ಲಿಯೂ ಹಾವು ಚೇಳುಗಳು ಸೇರುತ್ತವೆ. ಮೊಗ್ಗು ಬಿಡಿಸಲು ಹೆಂಗಸರು ಅಲ್ಲಿಗೆ ಹೋಗುವುದು ಇನ್ನೂ ಕತ್ತಲಿರುವಾಗ.

ಸುಣ್ಣದಿಂದಾಗುವ ಕೆಡಕು

ಗಿಡಗಳಿಗೆ ಏಣಿಗಿಂತಲೂ ಹೆಚ್ಚಾಗಿ ಕೇಡು ಮಾಡುವುದು ಸುಣ್ಣ. ಏಣಿಯ ಗಾಯ ಅಂದೇ ಕಾಣುತ್ತದೆ. ಸುಣ್ಣದ್ದು ಎರಡು ಮೂರು ತಿಂಗಳ ಮೇಲೆ ಕಾಣುವುದರಿಂದ ಕಾರಣವು ಯಾರಿಗೂ ಹೊಳೆಯುವುದಿಲ್ಲ. ಅರಳಿಸಿದ ಗುಂಡಿಯ ಸುತ್ತ ಚೆಲ್ಲಿದ ಸುಣ್ಣವೂ ಗೋಡೆಯ ಬುಡಕ್ಕೆ ಸುರಿದ ತಿಳಿಯೂ ಮಣ್ಣಿನಲ್ಲಿಳಿದು ಅದನ್ನು ಕ್ಷಾರಗೊಳಿಸುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರುಗಳಿಗೆ ದಕ್ಕುವುದಿಲ್ಲ. ಆಗ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಕನಕಾಂಬರ, ಗುಲಾಬಿ, ಮಲ್ಲಿಗೆ ಮೂರಕ್ಕೂ ಈ ತೊಂದರೆ ಬರುವುದುಂಟು. ಇದನ್ನು ನೀರಿನ ಕೊರತೆಯೆಂದು ತಿಳಿದು ನೀರು ಹೆಚ್ಚಿಸಿದರೆ ಪ್ರಯೋಜನವಿಲ್ಲ.

ಸುಣ್ಣವನ್ನು ಮನೆಯ ಮುಂಭಾಗದಲ್ಲಿ, ಗಿಡಗಳಿಂದ ದೂರವಾಗಿ, ಹೂತ ಹಳೆಯ ಬಾನಿಯಲ್ಲಿಯೋ ಕಲ್ಲಿನ ತೊಟ್ಟಿಯಲ್ಲಿಯೋ ಅರಳಿಸಬೇಕು. ಅರಳುವಾಗ ಬಹಳ ಕಾವು ಹುಟ್ಟಿ ಸಿಡಿಯುವುದರಿಂದ ಮಕ್ಕಳನ್ನು ದೂರವಿರಿಸಬೇಕು. ಕಣ್ಣಿಗೆ ಹಾರಿದರೆ ತಡಮಾಡದೆ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಿತ್ತಲ ಗೋಡೆಗೆ ಬಳಿಯುವ ದಿವಸ ಬುಡದಲ್ಲಿ ಗೋಣಿತಾಟುಗಳನ್ನು ಹಾಸಿ, ಗಿಡಗಳ ಮೇಲೆ ಹಳೆಯ ಸೀರೆಯನ್ನು ನೆನಸಿ ಹೊದಿಸಿ, ಸಂಜೆ ತೆಗೆಯತಕ್ಕುದು. ಎಲೆಯ ಮೇಲೆ ಬಿದ್ದ ಸುಣ್ಣವನ್ನು ಒಣಗುವ ಮೊದಲೇ ನೀರು ಚಿಮುಕಿಸಿ ತೊಳೆದರೆ ಕಲೆಯಾಗುವುದಿಲ್ಲ. ನೆಲಕ್ಕೆ ಬಿದ್ದುದನ್ನು ಮೇಲ್ಮಣ್ಣಿನೊಡನೆ ಕೆರೆದು ಹೊರಕ್ಕೆ ಹಾಕಬೇಕು.

ಈಗಾಗಲೇ ಹಳದಿಗಟ್ಟಿದ ಗಿಡಗಳಿಗೆ ಅನ್ನಭೇದಿಯು ಸುಲಭವಾದ ಉಪಾಯ. ಸೀಮೆಎಣ್ಣೆಯ ಡಬ್ಬದ ಅಳತೆಗೆ, ಎಂದರೆ ೪ ಗ್ಯಾಲನ್ ನೀರಿಗೆ, ೮ ತೊಲ ಅನ್ನಭೇದಿಯನ್ನು ಕರಗಿಸಿ, ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬೇಕು. ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಮಾಡಿದರೆ ಹೊಸ ಎಲೆಗಳು ಹಸುರಾಗಿ ಬರುತ್ತವೆ. ಆದರೆ ಈ ನೀರು ಹೊಸದಾಗಿ ಸುಣ್ಣ ಬಳಿದ ಗೋಡೆಗೆ ತಗುಲಿದರೆ ತುಕ್ಕಿನ ಬಣ್ಣದ ಕಲೆ ನಿಲ್ಲುವುದರಿಂದ, ಸಿಂಪಡಿಸುವಾಗ ಗೋಡೆಯ ಕಡೆಗೆ ಬೆನ್ನು ಮಾಡಿಕೊಂಡಿರುವುದು ಜಾಣತನ.

ಅದೇ ಸುಣ್ಣದಿಂದ ಗಿಡಗಳಿಗೆ ಉಪಕಾರವೂ ಉಂಟು. ಅಡಕೆಯ ಕೊಳೆರೋಗದ ವಿಷಯವಾಗಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಮೈಸೂರಿನಲ್ಲಿ ತಮ್ಮ ಪರಿಶೋಧನೆಯನ್ನು ಪ್ರಕಟಿಸಿದಂದಿನಿಂದ ಮಲೆನಾಡಿನ ರೈತರಿಗೆ ಬೋರ್ಡೋ ದ್ರಾವಣವು ಪರಿಚಿತವಾಗಿದೆ. ೧ ಪೌಂಡು ಮೈಲುತುತ್ತವನ್ನು ೫ ಗ್ಯಾಲನ್ ನೀರಿನಲ್ಲಿಯೂ, ಹೊಸದಾಗಿ ಸುಟ್ಟ ೧ ಪೌಂಡು ಸುಣ್ಣವನ್ನು ಅರಳಿಸಿ ಸೋಸಿ ಇನ್ನು ೫ ಗ್ಯಾಲನ್ ನೀರಿನಲ್ಲಿಯೂ ಕಲಸಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಮರದ್ದೋ ಮಣ್ಣಿನದೋ ಆಗಬೇಕು. ಹೊಳೆಯುವ ಚಾಕುವನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಸವರಿದ ಗುಲಾಬಿಯ ಕವಲುಗಳಿಗೂ ಚುಕ್ಕೆರೋಗ ಬೀಳುವ ಎಲೆಗಳಿಗೂ ಇದನ್ನು ಮಾಡಿದ ದಿವಸವೇ ಸಿಂಪಡಿಸತಕ್ಕುದು. ಮುಡಿಯುವ ಹೂವಿನ ಮೇಲೆ ಸಿಂಪಡಿಸಲಾಗದು. ಗ್ರಾಮದ ಮುಖಂಡರು ನಾಲ್ಕಾರು ಮನೆಗಳಿಗೆ ಸೇರಿಸಿ ಒಂದೇ ಸಲ ಹೊಸ ಸುಣ್ಣವನ್ನು ತರಿಸಿದರೆ ಗೋಡೆಗೂ ದ್ರಾವಣಕ್ಕೂ ಅನುಕೂಲ. ಗಾಳಿಗೆ ಪುಡಿಯಾದ ಹಳೆಯ ಸುಣ್ಣ ದ್ರಾವಣಕ್ಕೆ ಒದಗುವುದಿಲ್ಲ.

ನೀರು ಮತ್ತು ಗೋಡೆಯ ದೂರ

ಗೋಡೆಗೆ ಅಂಟಿಕೊಂಡಂತೆ ಪಾತಿ ಮಾಡುವ ರೂಢಿಯನ್ನು ಬಿಡಬೇಕು. ಗೋಡೆಯಿಂದ ಕಡಿಮೆಯೆಂದರೂ ೩ ಅಡಿ ಬಿಟ್ಟು, ಹೊರಕ್ಕೆ ಇಳಿಜಾರಾಗಿ ಪಾತಿ ಕಟ್ಟಿದರೆ ಗೋಡೆಯ ಬುಡ ನೆನೆಯುವುದಿಲ್ಲ, ಸೂರಿನ ನೀರು ಗಿಡದ ನೆತ್ತಿಗೆ ಬೀಳುವುದಿಲ್ಲ, ಮುಂದಿನ ಸಲ ಏಣಿ ಊರಲು ಸ್ಥಳವೂ ಇರುತ್ತದೆ. ಬಳ್ಳಿಯನ್ನು ಮಾಡಿಗೆ ಹಬ್ಬಿಸದೆ ಚಪ್ಪರಕ್ಕೆ ಹಬ್ಬಿಸಬೇಕು. ಹೆಂಚಿನಡಿಗೆ ನುಗ್ಗಿದ ಕುಡಿ ಬಲಿತರೆ ಹೆಂಚನ್ನೇ ಎತ್ತುತ್ತದೆ.

ಬಚ್ಚಲನ್ನು ಸರಿಪಡಿಸುವಾಗಲೇ ಅದರ ನೀರು ಪಾತಿಗಳಿಗೆ ಹರಿಯುವಂತೆ ಕಾಲುವೆ ತೆಗೆಯಿಸಿದರೆ ಬೇಸಗೆಯಲ್ಲಿ ಬಾವಿಯ ಹೊರೆ ಕಡಮೆಯಾಗುತ್ತದೆ. ನೀರು ಒಂದೇ ಕಡೆ ನಿಂತು ಸೊಳ್ಳೆಯಾಗದಂತೆ ದಿನಕ್ಕೊಂದು ಪಾತಿಗೆ ತಿರುಗಿಸಬೇಕು. ತೋರಣಕ್ಕೆ ಬೇಕಾದ ಚೆಂಡುಹೂವನ್ನು ಮಾಘದಲ್ಲಿ ಬಿತ್ತಿ, ಒಂದು ತಿಂಗಳ ಸಸಿಗಳನ್ನು ಈ ಕಾಲುವೆಯ ಅಂಚಿನಲ್ಲಿ ನೆಟ್ಟರೆ ವೈಶಾಖದ ಲಗ್ನಕ್ಕೆ ಸರಿಯಾಗಿ ಒದಗುತ್ತದೆ.

ಮನೆಯನ್ನು ಹೊಸದು ಮಾಡುವಾಗ ಹಿಂದಣ ಗೋಡೆಗೆ ವಿದ್ಯುದ್ದೀಪ ಹಾಕಿಸುವವರು ಸೇವಂತಿಗೆಯ ವಿಷಯವನ್ನು ನೆನೆಯಬೇಕು. ರಾತ್ರಿಯು ಉದ್ದವಾಗುತ್ತ ಬಂದರೆ ಮಾತ್ರ ಈ ಗಿಡದಲ್ಲಿ ಮೊಗ್ಗು ಕಟ್ಟುತ್ತದೆ. ಗಿಡಗಳು ಹೀಗೆ ಹಗಲಿರುಳುಗಳ ಉದ್ದವನ್ನು ಅನುಸರಿಸುವುವೆಂಬುದನ್ನು ಅಮೆರಿಕಾದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ೧೯೨೦ರಲ್ಲಿ ತೋರಿಸಿಕೊಟ್ಟರು. ಇರುಳೆಲ್ಲ ಉರಿಯುವ ದೀಪದ ಕೆಳಗಿನ ಸೇವಂತಿಗೆ ಎಲೆಯಿಂದ ಸೊಂಪಾಗಿ ಬೆಳೆದು, ದೀಪಾವಳಿ ಕಳೆದರೂ ಹೂ ಬಿಡದೆ ನಿಲ್ಲುವುದುಂಟು. ಇದನ್ನು ಗೊಬ್ಬರದ ದೋಷವೆಂದೋ ದೃಷ್ಟಿಯೆಂದೋ ಎಣಿಸುವವರಿದ್ದಾರೆ. ಶ್ರಾವಣದಿಂದ ಮುಂದಕ್ಕೆ ಆ ದೀಪವನ್ನು ಮಲಗುವ ಹೊತ್ತಿಗೆ ಆರಿಸಬೇಕು. ಇಲ್ಲವೆ ಬೆಳಕು ಬಾಗಿಲ ಮೆಟ್ಟಿಲಿಗೆ ಮಾತ್ರ ಬೀಳುವಂತೆ ತಗಡಿನ ಮರೆ ಕಟ್ಟಿಸಬೇಕು.